ಪ್ರಮುಖ ಆರೋಗ್ಯ ಸೂಚಕಗಳು

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಜನಾರೋಗ್ಯದ ಏರಿಳಿತವನ್ನು ಗುರುತಿಸಲು ‘ಹೆಲ್ದಿ ಪೀಪಲ್’ ಎಂಬ ರಾಷ್ಟ್ರೀಯ ಯೋಜನೆಯ ನೂರಾರು ಗುರಿಗಳಿಂದ ಆರಿಸಿದ ಕೆಲವೇ ಅಳತೆಗಳು. ಯೋಜನೆಯ ಮೂಲ 1979ರಲ್ಲಿ ಸರ್ಜನ್ ಜನರಲ್ ಜೂಲಿಯಸ್ ರಿಚ್ಮಂಡ್ ಹೊರತಂದ ವರದಿ. ಮರುವರ್ಷ 226 ಗುರಿಗಳು ಪ್ರಕಟವಾದವು. ಅಲ್ಲಿಂದ ಹತ್ತು ವರ್ಷಕ್ಕೊಮ್ಮೆ ಪಟ್ಟಿ ಪರಿಷ್ಕರಣೆಗೊಳ್ಳುತ್ತಿದೆ. 2010ರ ಅವಧಿಗೆ ಗುರಿಗಳು 467ಕ್ಕೇರಿ, ಒಟ್ಟಾರೆ ಚಿತ್ರ ಹಿಡಿಯುವುದು ಕಷ್ಟವಾದಾಗ ಮೊದಲ ಬಾರಿಗೆ 10 ಸೂಚಕಗಳನ್ನು ಆಯ್ದುಕೊಳ್ಳಲಾಯಿತು. ವ್ಯಾಪಕ ಸಮಸ್ಯೆಯನ್ನು ಪ್ರತಿನಿಧಿಸುವುದು, ಪ್ರಗತಿ ಅಳೆಯಲು ಅಂಕಿಅಂಶ ದೊರೆಯುವುದು, ಜನರನ್ನೂ ಆಡಳಿತವನ್ನೂ ಕಾರ್ಯಕ್ಕೆ ಪ್ರೇರೇಪಿಸುವುದು ಆಯ್ಕೆಯ ಮಾನದಂಡಗಳು. ಅಂಕಿಅಂಶವಿಲ್ಲದ ಸಮಸ್ಯೆ ಎಷ್ಟೇ ಗಂಭೀರವಾಗಿದ್ದರೂ ಹೊರಗುಳಿಯುವುದು ಈ ಕ್ರಮದ ಸಹಜ ಮಿತಿ.

ಮೊದಲ ಪಟ್ಟಿಯಲ್ಲಿ ತಂಬಾಕು ಸೇವನೆ, ಬೊಜ್ಜು, ದೈಹಿಕ ಚಟುವಟಿಕೆ, ಲಸಿಕೆ, ಮಾನಸಿಕ ಆರೋಗ್ಯ, ಪರಿಸರದ ಗುಣಮಟ್ಟ ಮೊದಲಾದವು ಇದ್ದವು. ಶಿಶು ಮರಣ ಇರಲಿಲ್ಲ, ಅದು 2020ರ ಅವಧಿಯ ಪಟ್ಟಿಗೆ ಸೇರಿತು. ಆ ಅವಧಿಯಲ್ಲಿ 12 ವಿಷಯಗಳಡಿ 26 ಸೂಚಕಗಳಿದ್ದವು. 2020ರ ಆಗಸ್ಟ್‌ನಲ್ಲಿ ಆರಂಭವಾದ ‘ಹೆಲ್ದಿ ಪೀಪಲ್ 2030’ರಲ್ಲಿ ಇವು 23, ಹೆಚ್ಚಿನವನ್ನು ಶಿಶು, ಮಕ್ಕಳು ಮತ್ತು ಹದಿಹರೆಯದವರು, ವಯಸ್ಕರು ಎಂದು ಜೀವನಘಟ್ಟದಂತೆ ವಿಂಗಡಿಸಿದ್ದು, ಎಲ್ಲ ವಯಸ್ಸಿಗೂ ಅನ್ವಯಿಸುವ ಗುಂಪೂ ಇದೆ. ಅಧಿಕ ರಕ್ತದೊತ್ತಡ ನಿಯಂತ್ರಣ, ತಾಯಿ ಮರಣ, ಆತ್ಮಹತ್ಯೆಗಳ ಜೊತೆಗೆ ಮನೆಯ ಆಹಾರ ಅಭದ್ರತೆ, ದುಡಿಯುವ ವಯಸ್ಸಿನವರ ಉದ್ಯೋಗ, ನಾಲ್ಕನೆಯ ತರಗತಿ ಮಕ್ಕಳ ಓದುವ ಸಾಮರ್ಥ್ಯ ಸೇರಿರುವುದು ಗಮನಾರ್ಹ: ಆಸ್ಪತ್ರೆಯ ಹೊರಗಿನ ಬದುಕೂ ಇಲ್ಲಿ ಆರೋಗ್ಯದ ಅಳತೆ. ಪ್ರತಿ ಸೂಚಕಕ್ಕೂ ಆರಂಭಿಕ ಅಂಕಿ ಮತ್ತು 2030ರೊಳಗೆ ತಲುಪಬೇಕಾದ ಮಟ್ಟ ನಿಗದಿಯಾಗಿದೆ.