ಮೀನಿನ ತೊಟ್ಟಿಗೂ ಒಂದು ಸಂಪು

ಸಂಪ್ ಅಂದರೇನು ಅಂತ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕೆಳಗೆ ನೀರು, ಮೇಲೆ ಟ್ಯಾಂಕು, ನಡುವೆ ಮೋಟಾರು. ಮೀನಿನ ತೊಟ್ಟಿಗೂ ಇದೇ ಏರ್ಪಾಡು ಉಂಟು. ನಾನು ಅದನ್ನು ಜೋಡಿಸಿ, ಒಂದು ರಾತ್ರಿ ಹಾಲಿನ ತುಂಬ ನೀರು ಮಾಡಿಕೊಂಡ ಮೇಲೆ, ಇದನ್ನು ಮೊದಲು ಮಾಡಿದ ಪುಣ್ಯಾತ್ಮ ಯಾರಪ್ಪಾ ಅಂತ ಹುಡುಕಿದೆ. ಕಥೆ ಲಂಡನ್ನಿಗೆ ಹೋಯಿತು.

1846ರಲ್ಲಿ ಅನ್ನಾ ಥಿನ್ ಎಂಬಾಕೆ ಕಡಲತೀರದಿಂದ ಹವಳದ ಜೀವಿಗಳನ್ನು ಲಂಡನ್ನಿನ ಮನೆಗೆ ತಂದರು. ನೀರಿಗೆ ಗಾಳಿ ಸೇರಲೆಂದು ಅದನ್ನು ಕಿಟಕಿಯ ಬಳಿ ಪಾತ್ರೆಯಿಂದ ಪಾತ್ರೆಗೆ ಸುರಿಯಬೇಕಿತ್ತು, ನಾವು ಬಿಸಿ ಹಾಲು ಆರಿಸುವ ಹಾಗೆ. ಸುರಿದು ಸುರಿದು ಕೈ ಸೋತದ್ದು ಮನೆಗೆಲಸದವಳದು, ಚರಿತ್ರೆಯಲ್ಲಿ ಹೆಸರು ಉಳಿದದ್ದು ಯಜಮಾನಿಯದು! 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನಶಾಸ್ತ್ರಜ್ಞ ಗೋಲ್ಡ್‌ಫಿಶ್, ನೀರುಗಿಡ, ಬಸವನಹುಳುಗಳನ್ನು ಒಟ್ಟಿಗಿಟ್ಟು, ನೀರು ಬದಲಿಸದೆಯೂ ತೊಟ್ಟಿ ಬಾಳುತ್ತದೆಂದು ತೋರಿಸಿದ. 1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆಯೇ ತೆರೆಯಿತು.

ನನ್ನ ಪ್ರಕಾರ ಇಲ್ಲಿಯ ನಿಜವಾದ ನಾಯಕ ವಿಲಿಯಂ ಆಲ್ಫರ್ಡ್ ಲಾಯ್ಡ್. 1850ರ ದಶಕದಲ್ಲಿ ಲಂಡನ್ನಿನಲ್ಲಿ ಅಕ್ವೇರಿಯಂ ಅಂಗಡಿ ಇಟ್ಟಿದ್ದವನು. ಹ್ಯಾಂಬರ್ಗಿನಲ್ಲಿ 1864ರಲ್ಲಿ, ಆಮೇಲೆ 1871ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ತೆರೆದ ಅಕ್ವೇರಿಯಂಗಳು ಅವನವು. ಜನ ನೋಡುವುದು ಗಾಜಿನ ತೊಟ್ಟಿಗಳನ್ನು. ಲಾಯ್ಡ್ ನಂಬಿದ್ದು ಅವುಗಳ ಕೆಳಗೆ ಯಾರಿಗೂ ಕಾಣದ, ಕತ್ತಲಿನ ಭಾರೀ ಜಲಾಶಯವನ್ನು. ಕತ್ತಲಲ್ಲಿ ಪಾಚಿ ಬೆಳೆಯದು, ನೀರು ಹೆಚ್ಚಿದ್ದಷ್ಟೂ ಬೇಗ ಕೆಡದು. ಪಂಪು ಹಗಲೂ ರಾತ್ರಿ ಆ ನೀರನ್ನು ಮೇಲೆ ಕೆಳಗೆ ತಿರುಗಿಸುತ್ತಿತ್ತು. ಇವತ್ತಿನ ಸಂಪೂ ಅದೇ, ಅಳತೆ ಮಾತ್ರ ಚಿಕ್ಕದು.

ಆದರೆ ಅವನ ತೊಟ್ಟಿಗಳು ಕಟ್ಟಡದ ಜೊತೆಗೇ ಕಟ್ಟಿದವು. ನಮ್ಮದು ಅಂಗಡಿಯಿಂದ ತಂದ ಗಾಜು, ತೂತು ಕೊರೆಯಲು ಹೋದರೆ ಬಿರುಕು ಬಿಡುವ ಭಯ. ಅದಕ್ಕೇ ಅಂಚಿಗೆ ನೇತುಹಾಕುವ ಓವರ್‌ಫ್ಲೋ ಡಬ್ಬಿ: ಒಳಗೊಂದು, ಹೊರಗೊಂದು, ನಡುವೆ ಬಗ್ಗಿದ ಸೈಫನ್ ಕೊಳವೆ. ಕರೆಂಟು ಹೋದರೆ ತೊಟ್ಟಿಯ ನೀರು ಒಳಡಬ್ಬಿಯ ಅಂಚಿನವರೆಗೆ ಇಳಿದು ನಿಲ್ಲುತ್ತದೆ. ಕೊಳವೆಯ ಎರಡೂ ತುದಿ ನೀರಲ್ಲೇ ಮುಳುಗಿರುವುದರಿಂದ ಸೈಫನ್ ಕಡಿಯುವುದಿಲ್ಲ. ಇಷ್ಟು ಜಾಣತನ ಇದ್ದೂ ನಮ್ಮನೆ ಹಾಲು ಕೆರೆಯಾಯಿತು. ಕೊಳವೆಯ ನೆತ್ತಿಯಲ್ಲಿ ಗುಳ್ಳೆಗಳು ಸೇರಿ ಸೇರಿ ಸೈಫನ್ ಕಡಿಯಿತು, ಪಂಪು ಮಾತ್ರ ನಿಷ್ಠೆಯಿಂದ ನೀರೆತ್ತುತ್ತಲೇ ಇತ್ತು.

ಈಗ ಸಂಪಿನೊಳಗೆ ಅಡ್ಡಗಾಜು ಹಾಕಿ ಪಂಪಿನ ಖಾನೆಯನ್ನು ಕಿರಿದು ಮಾಡಿದ್ದೇನೆ. ಮೇಲಿನ ತೊಟ್ಟಿಯ ಖಾಲಿ ಜಾಗ ಹಿಡಿಯುವುದಕ್ಕಿಂತ ಕಡಿಮೆ ನೀರು ಅದರಲ್ಲಿ. ಸೈಫನ್ ಕಡಿದರೆ ಪಂಪು ಒಣಗಿ ಸುಟ್ಟೀತು, ಸುಡಲಿ. ನೆಲ ಒಣಗಿರುತ್ತದಲ್ಲ!