ಎರಡನೆಯ ಬಸಿರು: ವಿಧಿಯಿಂದ ವಿವೇಕದೆಡೆಗೆ



ಹೆರಿಗೆಯೆಂದರೆ ಹೆಣ್ಣಿಗೆ ಮರುಜನ್ಮವೆಂದು ನಮ್ಮ ಹಿರಿಯರು ಹೇಳಿದ್ದು ಅಲಂಕಾರಕ್ಕಾಗಿ ಅಲ್ಲ. ಚೊಚ್ಚಲ ಹೆರಿಗೆಯಲ್ಲಿ ಸಾವಿನ ಬಾಗಿಲಿನಿಂದ ಮರಳಿದವಳು ಮತ್ತೆ ಬಸುರಿಯಾಗಬೇಕೇ, ಆಗುವುದಾದರೆ ಎಂದು, ಎಂಬುದು ಆ ಕಾಲದಲ್ಲಿ ಪ್ರಶ್ನೆಯೇ ಆಗಿರಲಿಲ್ಲ. ಅದು ಪ್ರಶ್ನೆಯಾದ ಬಗೆಯೇ ಒಂದು ಚರಿತ್ರೆ.

ಮೊದಲು ದೊರೆತದ್ದು ಅಂತರ. ನಮ್ಮ ಉತ್ತರ ಕನ್ನಡ ಜಿಲ್ಲೆ 1862ರಿಂದ ಮುಂಬಯಿ ಪ್ರಾಂತದಲ್ಲಿತ್ತು. ಆ ಮುಂಬಯಿಯಲ್ಲಿ ರ. ಧೋ. ಕರ್ವೆಯವರು 1921ರಲ್ಲಿ ಸಂತತಿ ನಿಯಂತ್ರಣ ಕೇಂದ್ರವನ್ನು ತೆರೆದು ಸಮಾಜದ ನಿಂದೆಗೆ ಗುರಿಯಾದರು. 1930ರಲ್ಲಿ ಮೈಸೂರು ಸಂಸ್ಥಾನವು ಸರ್ಕಾರದ ವತಿಯಿಂದಲೇ ಇಂಥ ಕೇಂದ್ರಗಳನ್ನು ಆರಂಭಿಸಿತು. ಹಳಿಯಾಳ, ಸೂಪಾಗಳ ಕಾಡಂಚಿನ ಹಳ್ಳಿಗಳಿಗೆ ಆ ತಿಳಿವಳಿಕೆ ತಲುಪಲು ದಶಕಗಳೇ ಬೇಕಾದವು.

ಅನಂತರ ದೊರೆತದ್ದು ಕಾರಣದ ಅರಿವು. ಬಾಣಂತಿಗೆ ಸೆಳವು ಬಂದರೆ ಗಾಳಿ ಸೋಕಿತೆನ್ನುತ್ತಿದ್ದರು. ಅದು ರಕ್ತದೊತ್ತಡ ಏರಿ ಬರುವ ಗರ್ಭನಂಜು; ಅದಕ್ಕೆ ಮೆಗ್ನೀಸಿಯಂ ಸಲ್ಫೇಟೇ ಉತ್ತಮ ಔಷಧವೆಂದು 1995ರ ಅಂತರರಾಷ್ಟ್ರೀಯ ಅಧ್ಯಯನ ನಿರ್ಣಯಿಸಿತು. ಒಮ್ಮೆ ಗರ್ಭನಂಜಾದವಳಿಗೆ ಮುಂದಿನ ಬಸಿರಿನಲ್ಲಿ ಮೂರು ತಿಂಗಳು ತುಂಬುತ್ತಲೇ ವೈದ್ಯರು ಅಲ್ಪಪ್ರಮಾಣದ ಆಸ್ಪಿರಿನ್ ಕೊಡುತ್ತಾರೆ. ಒಮ್ಮೆ ಅತಿಯಾಗಿ ರಕ್ತ ಹೋದವಳಿಗೆ ಮತ್ತೆ ಹೋಗುವ ಸಂಭವ ಹೆಚ್ಚು. ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಗರ್ಭಿಣಿಯರ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಾದಿಯರು ಕೊಟ್ಟ ಮಿಸೊಪ್ರೊಸ್ಟಾಲ್ ಮಾತ್ರೆಯಿಂದ ಅತಿ ರಕ್ತಸ್ರಾವವು ನೂರಕ್ಕೆ 12ರಿಂದ 6.4ಕ್ಕೆ ಇಳಿಯಿತು. ಈ ಫಲ ಜಗತ್ತಿನ ಗಮನ ಸೆಳೆಯಿತು. ಇನ್ನು ಸಿಸೇರಿಯನ್: ಗರ್ಭಕೋಶದ ಮೇಲ್ಭಾಗದಲ್ಲಿ ಉದ್ದಕ್ಕೆ ಕೊಯ್ದ ಗಾಯ ಮುಂದಿನ ಹೆರಿಗೆಯಲ್ಲಿ ಬಿರಿಯುವ ಭಯ ಹೆಚ್ಚು, ಕೆಳಭಾಗದ ಅಡ್ಡಗೊಯ್ತದಲ್ಲಿ ಅದು ಬಹಳ ಕಡಿಮೆ. ಆದರೆ ಹೊಟ್ಟೆಯ ಮೇಲಿನ ಗುರುತು ನೋಡಿ ಒಳಗಿನ ಕೊಯ್ತವನ್ನು ಹೇಳಲಾಗದು.

ಮೂರನೆಯದು ದಾರಿ. ಸೂಪಾ ಪಟ್ಟಣ ಕಾಳಿಯ ಹಿನ್ನೀರಿನಲ್ಲಿ ಮುಳುಗಿ ಜೋಯಿಡಾ ತಾಲ್ಲೂಕು ಕೇಂದ್ರವಾಯಿತು. ಕಾಡೊಳಗಿನ ಊರುಗಳ ದೂರ ಮಾತ್ರ ಹಾಗೆಯೇ ಉಳಿಯಿತು. 2008ರಲ್ಲಿ ರಾಜ್ಯದಲ್ಲಿ 108 ವಾಹನ ಬಂತು. ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣವು ಕರ್ನಾಟಕದಲ್ಲಿ 2001–03ರ 228ರಿಂದ 2018–20ರ ವೇಳೆಗೆ 69ಕ್ಕೆ ಇಳಿದಿದೆ. ಆದರೂ ಅಪಾಯದ ಹೆರಿಗೆಗೆ ನಮ್ಮವರು ಹುಬ್ಬಳ್ಳಿ, ಬೆಳಗಾವಿಯ ದೊಡ್ಡ ಆಸ್ಪತ್ರೆಗಳನ್ನೇ ನೆಚ್ಚಬೇಕು. ಆದ್ದರಿಂದ ಹೆರಿಗೆಯ ಸ್ಥಳವನ್ನೂ ರಕ್ತ ಕೊಡುವವರನ್ನೂ ಮೊದಲೇ ಗೊತ್ತುಮಾಡಿಕೊಳ್ಳುವುದು ಲೇಸು.

ಈ ಮೂರೂ ಫಲ ಕೊಡಬೇಕಾದರೆ ಮೊದಲ ಹೆರಿಗೆಯಲ್ಲಿ ಏನಾಯಿತೆಂಬುದು ಬರಹದಲ್ಲಿ ಇರಬೇಕು. "ತುಂಬಾ ಕಷ್ಟವಾಗಿತ್ತು" ಎಂಬ ಅತ್ತೆಯ ನೆನಪು ವೈದ್ಯರಿಗೆ ಸಾಲದು. ಹೆಣ್ಣುಮಕ್ಕಳೇ, ಆ ಕಾಗದಗಳೊಂದಿಗೆ ಬಸಿರು ನಿಲ್ಲುವ ಮೊದಲೇ ವೈದ್ಯರನ್ನು ಕಾಣಿರಿ; ರಕ್ತದೊತ್ತಡ, ಸಕ್ಕರೆ, ರಕ್ತಹೀನತೆಗಳನ್ನು ಪರೀಕ್ಷಿಸಿಕೊಳ್ಳಿರಿ. ಹೆರಿಗೆಯಾಗಿ ಎರಡು ವರ್ಷವಾದರೂ ಕಳೆದ ಮೇಲೆಯೇ ಮುಂದಿನ ಬಸಿರು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಕರೆದ ತಜ್ಞರ ಸಲಹೆ. ಇನ್ನೊಂದು ಬೇಡವೆಂದು ನೀವು ನಿರ್ಧರಿಸಿದರೆ ಅದೂ ವಿವೇಕವೇ; ವಂಶದ ಹೆಸರಿನಲ್ಲಿ ಒತ್ತಾಯಿಸುವ ಹಕ್ಕು ಯಾರಿಗೂ ಇಲ್ಲ.

ಹೊಲದ ಪಹಣಿಯನ್ನು ನಮ್ಮ ಮನೆಗಳಲ್ಲಿ ತಲೆಮಾರುಗಟ್ಟಲೆ ಕಾಪಾಡುತ್ತೇವೆ. ಆ ಕಡತದಲ್ಲೇ ತಾಯಿ ಕಾರ್ಡಿಗೂ ಆಸ್ಪತ್ರೆಯ ಬಿಡುಗಡೆ ಚೀಟಿಗೂ ಸ್ಥಳವಿರಲಿ.