ಹೌದು ಎಂದವರು ಯಾರು?

2019ರ ಜುಲೈ 23ರ ಸಂಜೆ ಆಫೀಸಿನಿಂದ ಮನೆಗೆ ಬರುವ ಕ್ಯಾಬ್‌ನಲ್ಲಿ ಎಲ್ಲರ ಮೊಬೈಲಲ್ಲೂ ವಿಧಾನಸಭೆಯೇ. ಕುಮಾರಸ್ವಾಮಿ ಸರ್ಕಾರದ ವಿಶ್ವಾಸಮತ. ಶಾಸಕರನ್ನು ಸಾಲುಸಾಲಾಗಿ ನಿಲ್ಲಿಸಿ ತಲೆ ಎಣಿಸಿದರು. ಪರ 99, ವಿರುದ್ಧ 105. ಸರ್ಕಾರ ಬಿತ್ತು.

ಒಂದೂವರೆ ವರ್ಷದ ನಂತರ, 2021ರ ಫೆಬ್ರವರಿ 8ರಂದು, ಗೋಹತ್ಯೆ ನಿಷೇಧ ಮಸೂದೆ ವಿಧಾನ ಪರಿಷತ್ತಿಗೆ ಬಂತು. ಗದ್ದಲದ ನಡುವೆ ಧ್ವನಿಮತದಲ್ಲಿ ಪಾಸಾಯ್ತು. ನೀವು ಆ ಕಾಯ್ದೆಯ ಪರ ಇರಬಹುದು, ವಿರುದ್ಧ ಇರಬಹುದು. ನನ್ನ ಪ್ರಶ್ನೆ ಬೇರೆ. ಕುರ್ಚಿ ಅಲ್ಲಾಡುವಾಗ ತಲೆ ಎಣಿಸುವವರು, ನಮ್ಮ ಬದುಕನ್ನು ಕಟ್ಟಿಹಾಕುವ ಕಾಯ್ದೆ ಮಾಡುವಾಗ ಬರೀ ಕೂಗು ಕೇಳಿಸಿಕೊಂಡರೆ ಸಾಕೇ?

ಇದು ಹಳೇ ಜಗಳ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಅಮೆರಿಕದ ಸಂವಿಧಾನ ಬರೆಯಲು ಕೂತವರು ಮೊದಲು ಮಾಡಿದ ಕೆಲಸಗಳಲ್ಲೊಂದು, ಯಾರು ಯಾವ ಕಡೆ ಮತ ಹಾಕಿದರು ಅನ್ನೋದನ್ನ ಬರೆದಿಡುವ ನಿಯಮವನ್ನೇ ಕೈಬಿಟ್ಟಿದ್ದು. ಜಾರ್ಜ್ ಮೇಸನ್ ಕೊಟ್ಟ ಕಾರಣ ಇವತ್ತಿಗೂ ತೂಕದ್ದೇ: ಒಮ್ಮೆ ಹೆಸರು ದಾಖಲಾದರೆ, ಆಮೇಲೆ ಮನಸ್ಸು ಬದಲಾದರೂ ಮತ ಬದಲಿಸೋದು ಕಷ್ಟ. ಮೀಟಿಂಗಲ್ಲಿ ಎಲ್ಲರೆದುರು ಒಂದು ಮಾತು ಹೇಳಿ ಸಿಕ್ಕಿಹಾಕಿಕೊಂಡವರಿಗೆ ಇದು ಗೊತ್ತು.

ಆದರೆ ಅದೇ ಜನ ಮುಂದಿನ ಸಂಸತ್ತಿಗೆ ಬೇರೆ ನಿಯಮ ಬರೆದರು. ಹಾಜರಿದ್ದವರಲ್ಲಿ ಐದನೇ ಒಂದು ಭಾಗ ಕೇಳಿದರೆ ಸಾಕು, ಹೆಸರು ಸಮೇತ ಮತ ದಾಖಲಾಗಲೇಬೇಕು. ಕರಡು ತಿದ್ದುವಾಗ ಮನಸ್ಸು ಬದಲಿಸುವ ಸ್ವಾತಂತ್ರ್ಯ, ಕಾಯ್ದೆ ಮಾಡುವಾಗ ಲೆಕ್ಕ. ಇಂಗ್ಲೆಂಡಿನ ಕಾಮನ್ಸ್ ಸಭೆ ಮತ ಹಾಕಿದವರ ಪಟ್ಟಿಯನ್ನು ಅಧಿಕೃತವಾಗಿ ಪ್ರಕಟಿಸಲು ಶುರುಮಾಡಿದ್ದು 1836ರಲ್ಲಿ.

ಅಮೆರಿಕದವರೂ ಒಂದು ಕಿಂಡಿ ಇಟ್ಟುಕೊಂಡಿದ್ದರು. ಕೆಳಮನೆ ಸಮಿತಿಯ ರೂಪದಲ್ಲಿ ಕೂತಾಗ, ಅಂದರೆ ತಿದ್ದುಪಡಿಗಳ ನಿಜವಾದ ಕಾದಾಟ ನಡೆಯುವಾಗ, ಹೆಸರು ಬರೆಯುತ್ತಿರಲಿಲ್ಲ. 1970ರ ಸುಧಾರಣಾ ಕಾಯ್ದೆ ಆ ಕಿಂಡಿ ಮುಚ್ಚಿತು. ಶಬ್ದಕ್ಕಿಂತ ವೇಗವಾಗಿ ಹಾರುವ ಪ್ರಯಾಣಿಕ ವಿಮಾನದ ಯೋಜನೆಗೆ 1970ರಲ್ಲಿ ಹೆಸರಿಲ್ಲದ ಮತದಲ್ಲಿ ಹಣ ಉಳಿದಿತ್ತು. 1971ರ ಮಾರ್ಚ್‌ನಲ್ಲಿ ಹೆಸರು ಬರೆದುಕೊಂಡೇ ಮತ ಹಾಕಿಸಿದಾಗ ಅದೇ ಸದನ ಹಣ ನಿಲ್ಲಿಸಿತು. ಹೆಸರೊಂದೇ ಕಾರಣ ಅಂತ ನಾನು ಹೇಳಲ್ಲ, ಆ ಹೊತ್ತಿಗೆ ಚುನಾವಣೆಯೂ ಆಗಿತ್ತು. ಆದರೂ ಹೆಸರಿನ ಭಯ ಸಣ್ಣದಲ್ಲ.

ನಮ್ಮಲ್ಲಿ? ಲೋಕಸಭೆಯ ನಿಯಮ 367ರ ಪ್ರಕಾರ ಮೊದಲು ‘ಹೌದು’, ‘ಇಲ್ಲ’ಗಳ ಕೂಗು. ಯಾರಾದರೂ ಒಪ್ಪದಿದ್ದರೆ ಡಿವಿಷನ್ ಕೇಳಬಹುದು. ಆದರೆ ಅದು ಅನಗತ್ಯ ಅಂತ ಸ್ಪೀಕರ್‌ಗೆ ಅನಿಸಿದರೆ, ಸದಸ್ಯರನ್ನು ಎದ್ದು ನಿಲ್ಲಿಸಿ ಎಣಿಸಿದರೆ ಮುಗೀತು, ಹೆಸರು ದಾಖಲಾಗುವುದಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಕೃಷಿ ಮಸೂದೆಗಳು ರಾಜ್ಯಸಭೆಯಲ್ಲಿ ಧ್ವನಿಮತದಿಂದ ಪಾಸಾದಾಗ, ವಿರೋಧಪಕ್ಷ ಡಿವಿಷನ್ ಕೇಳಿತ್ತು, ಸಿಗಲಿಲ್ಲ. ಸದಸ್ಯರು ತಮ್ಮ ಜಾಗದಲ್ಲಿ ಇರಲಿಲ್ಲ ಅನ್ನೋದು ಪೀಠದ ಸಮರ್ಥನೆ.

‘ಹೇಗಿದ್ದರೂ ವಿಪ್ ಇರುತ್ತಲ್ಲ, ಪಕ್ಷ ಹೇಳಿದ ಹಾಗೇ ಮತ, ಬರೆದಿಟ್ಟು ಏನು ಪ್ರಯೋಜನ?’ ಅಂತ ಗೆಳೆಯರು ಕೇಳ್ತಾರೆ. ಪಕ್ಷ ಹೇಳಿತು ಅಂತಲೇ ಮತ ಹಾಕಿದರೂ, ಹಾಕಿದ್ದು ನಾವು ಆರಿಸಿದವರು. ಆ ದಿನ ಸದನಕ್ಕೆ ಬರದೇ ಹೋದವರು ಯಾರು ಅನ್ನೋದೂ ಆಗಲೇ ಗೊತ್ತಾಗೋದು.

ನನಗೆ ಫಿಲಡೆಲ್ಫಿಯಾದ ಐದನೇ ಒಂದು ಭಾಗದ ಲೆಕ್ಕ ಇಷ್ಟ. ಎಲ್ಲದಕ್ಕೂ ಹೆಸರು ಕೂಗುತ್ತಾ ಕೂತರೆ ಕೆಲಸ ಸಾಗಲ್ಲ, ನಿಜ. ಆದರೆ ದಾಖಲೆ ಬೇಕೋ ಬೇಡವೋ ಅನ್ನೋದು ಪೀಠದಲ್ಲಿ ಕೂತ ಒಬ್ಬರ ಕೈಲಿ ಇರಬಾರದು. ತೆರಿಗೆ, ಬಜೆಟ್, ಕಾಯ್ದೆಗೆ ಯಾರೂ ಕೇಳದೆಯೂ ಹೆಸರು ದಾಖಲಾಗಲಿ.

2025ರಲ್ಲಿ ಬಿಬಿಎಂಪಿ ಹೋಗಿ ಬೆಂಗಳೂರಿಗೆ ಐದು ಪಾಲಿಕೆಗಳು ಬಂದವು. ನಮ್ಮ ಆಸ್ತಿ ತೆರಿಗೆ, ಕಸ, ರಸ್ತೆ ತೀರ್ಮಾನವಾಗೋದು ಅಲ್ಲೇ. ಮುಂದಿನ ಸಲ ವಾರ್ಡಿನ ಅಭ್ಯರ್ಥಿ ಮನೆ ಬಾಗಿಲಿಗೆ ಬಂದಾಗ ನಾನು ಕೇಳಬೇಕೆಂದಿರುವುದು ಒಂದೇ: ‘ಸಾರ್, ನೀವು ಹೌದು ಅಂದಿದ್ದು ಯಾವುದಕ್ಕೆ ಅಂತ ನನಗೆ ಹೇಗೆ ಗೊತ್ತಾಗುತ್ತೆ?’